ತೋಳಿನ ನರಗಳ ಸ್ಕ್ಯಾನಿಗೆ ಹೊರಡುವ ಮುಂಚೆ

ಬೈಕಿನಿಂದ ಬಿದ್ದು ತೋಳು ಎತ್ತಲಾಗದೆ ಕೂತವರಿಗೂ, ಕುತ್ತಿಗೆಯಿಂದ ಬೆರಳ ತುದಿಯವರೆಗೆ ಜೋಮು ಹಿಡಿದವರಿಗೂ ಈ ಹಿರಿಯನ ನಾಲ್ಕು ಮಾತು.

• ಡಾಕ್ಟರು ಬರೆದ ಚೀಟಿ ಓದಿ. ‘ಕುತ್ತಿಗೆಯ ಎಂಆರ್‌ಐ’ ಎಂದಿದ್ದರೆ ಬೆನ್ನುಮೂಳೆಯ ಮೇಲ್ಭಾಗ, ಡಿಸ್ಕು, ನರ ಹೊರಬೀಳುವ ಕಿಂಡಿಗಳನ್ನು ನೋಡುತ್ತಾರೆ. ಅಲ್ಲಿಂದ ಹೊರಟ ಐದು ನರಬೇರುಗಳು, ಸಿ5ರಿಂದ ಟಿ1ರವರೆಗೆ, ಜಡೆಯಂತೆ ಹೆಣೆದುಕೊಂಡು ಕಾಲರ್ ಮೂಳೆಯ ಅಡಿಯಿಂದ ಕಂಕುಳಿಗೆ ಇಳಿಯುತ್ತವೆ. ಅದೇ ಬ್ರೇಕಿಯಲ್ ಪ್ಲೆಕ್ಸಸ್. ಪೆಟ್ಟು ಬಿದ್ದು ತೋಳು ಸೋತಿದ್ದರೆ ಆ ಹೆಸರು ಚೀಟಿಯಲ್ಲಿರಬೇಕು. ಇಲ್ಲವೇ? ‘ಇದನ್ನೂ ನೋಡಬೇಕಲ್ಲವೇ ಡಾಕ್ಟ್ರೇ’ ಎಂದು ಸಂಕೋಚವಿಲ್ಲದೆ ಕೇಳಿ.

• ಎಕ್ಸ್‌ರೇ ನಾರ್ಮಲ್ ಎಂದು ಸಮಾಧಾನಪಡಬೇಡಿ. ಅದರಲ್ಲಿ ನರ ಕಾಣುವುದೇ ಇಲ್ಲ.

• ದಿನಗಳ ಲೆಕ್ಕ ಇಡಿ. ಬಿದ್ದ ದಿನವೇ ಎಲ್ಲ ತಿಳಿಯದು. ರಕ್ತ, ಬಾವು ಇಳಿದ ಮೇಲೆ, ಸುಮಾರು 3-4 ವಾರಕ್ಕೆ, ಬೇರು ಕಿತ್ತುಬಂದಿದೆಯೇ ಎಂಬುದು ಎಂಆರ್‌ಐಯಲ್ಲಿ ಸ್ಪಷ್ಟವಾಗುತ್ತದೆ. ಕರೆಂಟ್ ಟೆಸ್ಟ್ ಎನ್ನುತ್ತೇವಲ್ಲ, ಆ ಇಎಂಜಿಗೂ ಅದೇ ಹೊತ್ತು. ಹಾಗೆಂದು ಎಣ್ಣೆ ತಿಕ್ಕಿಸುತ್ತಾ ವರ್ಷ ಕಳೆಯಬೇಡಿ, ಕೈಮುಗಿದು ಕೇಳುತ್ತೇನೆ. ಹರಿದ ನರ ಜೋಡಿಸುವ ಆಪರೇಷನ್ 6 ತಿಂಗಳೊಳಗಾದರೆ ಒಳ್ಳೆಯದು. ನರ ದಿನಕ್ಕೆ ಸುಮಾರು 1 ಮಿಲಿಮೀಟರ್ ಮಾತ್ರ ಬೆಳೆಯುತ್ತದೆ; ನರದ ಸಂಪರ್ಕ ಕಡಿದ ಸ್ನಾಯು ಒಂದೂವರೆ ವರ್ಷದ ಹೊತ್ತಿಗೆ ಚೇತರಿಸಿಕೊಳ್ಳುವ ಶಕ್ತಿಯನ್ನೇ ಕಳೆದುಕೊಂಡಿರುತ್ತದೆ. ತಡವಾಗಿ ಬರುವ ಎಳೆಯ ಹುಡುಗರನ್ನು ನೆನೆದರೆ ಸಂಕಟವಾಗುತ್ತದೆ.

• ಪೇಸ್‌ಮೇಕರ್, ಕಿವಿಯ ಇಂಪ್ಲಾಂಟ್, ಮೆದುಳಿನ ಕ್ಲಿಪ್, ಕೆಲಸದಲ್ಲಿ ಕಣ್ಣಿಗೆ ಹಾರಿದ ಕಬ್ಬಿಣದ ಚೂರು, ಯಾವುದಿದ್ದರೂ ಮೊದಲೇ ಹೇಳಿ. ಬಣ್ಣದ ಇಂಜೆಕ್ಷನ್ ಕೊಡುವುದಾದರೆ ಕಿಡ್ನಿ ತೊಂದರೆಯನ್ನೂ ತಿಳಿಸಿ. ಮಾಂಗಲ್ಯ ಬಿಚ್ಚಲು ಮನಸ್ಸಾಗದವರು ಆ ಹೊತ್ತಿಗೆ ಬರಿಯ ಅರಿಶಿನ ದಾರ ಕಟ್ಟಿಕೊಳ್ಳಲಿ.

• ಒಳಗೆ ಮುಕ್ಕಾಲು ಗಂಟೆಯಾದರೂ ಅಲುಗದೆ ಮಲಗಬೇಕಾದೀತು. ಎಂಜಲು ನುಂಗಿದರೂ ಕುತ್ತಿಗೆಯ ಚಿತ್ರ ಕದಡುತ್ತದೆ. ಮಷೀನಿನ ಸದ್ದು ನಿಂತ ನಡುವೆ ನುಂಗಿ. ಇಕ್ಕಟ್ಟಿನ ಭಯವಿದ್ದರೆ ಹೇಳಿಬಿಡಿ, ನಾಚಿಕೆ ಬೇಡ.

• ವರದಿಯಲ್ಲಿ ‘ಡಿಸ್ಕ್ ಬಲ್ಜ್’ ಕಂಡು ಎದೆಗುಂದಬೇಡಿ. ಜಪಾನಿನಲ್ಲಿ ಯಾವ ತೊಂದರೆಯೂ ಇಲ್ಲದ 1,211 ಮಂದಿಯ ಕುತ್ತಿಗೆ ಸ್ಕ್ಯಾನ್ ಮಾಡಿದಾಗ ಶೇ. 87.6 ಮಂದಿಯಲ್ಲಿ ಅದು ಕಂಡಿತ್ತು. ಚಿತ್ರದಲ್ಲಿರುವುದು ನಿಮ್ಮ ಕೈಯ ಸೋಲಿಗೆ ತಾಳೆಯಾಗುತ್ತದೆಯೇ? ಕೇಳಬೇಕಾದ ಪ್ರಶ್ನೆ ಇದು.

• ನಡಿಗೆ ತಡವರಿಸಿದರೆ, ಅಂಗಿಯ ಗುಂಡಿ ಹಾಕಲು ಬೆರಳು ಬಾರದಿದ್ದರೆ, ಮೂತ್ರದ ಹಿಡಿತ ತಪ್ಪಿದರೆ ಬೆನ್ನುಹುರಿಯೇ ಒತ್ತಿಕೊಂಡಿರಬಹುದು. ಸ್ಕ್ಯಾನಿನ ಸರದಿಗೆ ಕಾಯದೆ ಅಂದೇ ದೊಡ್ಡಾಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.