ಡೆಂಗಿ ನಿಯಂತ್ರಣ: ಲಾರ್ವಾ ಸಮೀಕ್ಷೆಯ ಅಂಕಿಗಳನ್ನು ಓದುವ ಬಗೆ

ಗ್ರಾಮದಲ್ಲಿ ಜ್ವರ ಹಬ್ಬಿತೆಂದರೆ ಸದಸ್ಯರ ಮುಂದೆ ಬರುವ ಮೊದಲ ಬೇಡಿಕೆ ಫಾಗಿಂಗ್. ಆದರೆ ಹೊಗೆಯು ಹಾರಾಡುವ ಸೊಳ್ಳೆಗಳನ್ನು ಮಾತ್ರ ಕೊಲ್ಲುತ್ತದೆ. ನೀರಿನಲ್ಲಿರುವ ಲಾರ್ವಾಗಳು ಉಳಿದು ಕೆಲವೇ ದಿನಗಳಲ್ಲಿ ಸೊಳ್ಳೆಗಳಾಗುತ್ತವೆ. ಆದ್ದರಿಂದ ನಿಯಂತ್ರಣವು ನೀರಿನ ಪಾತ್ರೆಯಿಂದ ಆರಂಭವಾಗತಕ್ಕದ್ದು.

ಕಾರಣ: ಡೆಂಗಿ ಹರಡುವ ಈಡಿಸ್ ಸೊಳ್ಳೆಯು ಹಗಲಿನಲ್ಲಿ ಕಚ್ಚುತ್ತದೆ, ಸಂಗ್ರಹಿಸಿಟ್ಟ ತಿಳಿನೀರಿನಲ್ಲಿ ಮೊಟ್ಟೆಯಿಡುತ್ತದೆ. ಮೊಟ್ಟೆಯು ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಬೇಕು. ವಾರಕ್ಕೊಮ್ಮೆ ಪಾತ್ರೆಯನ್ನು ಬರಿದು ಮಾಡುವ ನಿಯಮಕ್ಕೆ ಇದೇ ಆಧಾರ. ಅಂಚಿಗೆ ಅಂಟಿದ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಜೀವಂತವಾಗಿರುವುದರಿಂದ ಒಳಬದಿಯನ್ನು ಉಜ್ಜುವುದೂ ಅಗತ್ಯ.

ಕೊಳವೆಬಾವಿಗಳನ್ನು ನೆಚ್ಚಿರುವ ಜಿಲ್ಲೆಯಲ್ಲಿ ನೀರು ಸಂಗ್ರಹಿಸದೆ ವಿಧಿಯಿಲ್ಲ. ಮನೆಯ ಡ್ರಮ್ಮು, ಸಿಮೆಂಟು ತೊಟ್ಟಿ, ಕಟ್ಟಡ ಕಾಮಗಾರಿಯ ನಿಂತ ನೀರು, ಹಳೆಯ ಟೈರು: ಯಾವುದರಲ್ಲಿ ಲಾರ್ವಾ ಹೆಚ್ಚೆಂಬುದನ್ನು ಸಮೀಕ್ಷೆಯೇ ಹೇಳಬೇಕು.

ಲೆಕ್ಕದ ಕ್ರಮ: ಉದಾಹರಣೆಗೆ, 100 ಮನೆಗಳ ಪೈಕಿ 20 ಮನೆಗಳಿಗೆ ಬೀಗವಿತ್ತು, ಪರಿಶೀಲಿಸಿದ 80ರಲ್ಲಿ 12 ಮನೆಗಳಲ್ಲಿ, ಒಟ್ಟು 20 ಪಾತ್ರೆಗಳಲ್ಲಿ ಲಾರ್ವಾ ಕಂಡಿತು. ಮನೆ ಸೂಚ್ಯಂಕವು 12 ಅಲ್ಲ, 15 (12ನ್ನು 80ರಿಂದ ಭಾಗಿಸಿ 100ರಿಂದ ಗುಣಿಸಿದ್ದು). ನೂರು ಮನೆಗಳಿಗೆ ಎಷ್ಟು ಪಾತ್ರೆಗಳೆಂದು ತಿಳಿಸುವ ಬ್ರೆಟೊ ಸೂಚ್ಯಂಕವು 25. ಬೀಗ ಹಾಕಿದ ಮನೆಯನ್ನು ಲಾರ್ವಾರಹಿತವೆಂದು ಎಣಿಸಿದರೆ ಅಪಾಯವು ಕಾಗದದಲ್ಲಿ ಮಾತ್ರ ಇಳಿಯುತ್ತದೆ. ಕಾರ್ಖಾನೆ ಕೆಲಸಗಾರರ ವಠಾರಗಳು ಹಗಲಿನಲ್ಲಿ ಮುಚ್ಚಿರುವುದರಿಂದ ಅಲ್ಲಿಗೆ ಸಂಜೆ ಅಥವಾ ರಜಾದಿನ ಮರುಭೇಟಿ ಏರ್ಪಡಿಸಬೇಕು.

ಜ್ವರದ ವರದಿ: ಒಂದೇ ಬೀದಿಯಲ್ಲಿ ಎರಡು ಮೂರು ಜ್ವರ ಪ್ರಕರಣಗಳು ಕಂಡರೆ ಪರೀಕ್ಷಾ ಫಲಿತಾಂಶಕ್ಕೆ ಕಾಯದೆ ಆಶಾ ಕಾರ್ಯಕರ್ತೆಗೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ತಿಳಿಸಬೇಕು. ಎನ್‌ಎಸ್‌1 ಪರೀಕ್ಷೆಯು ಜ್ವರದ ಮೊದಲ 5 ದಿನಗಳಲ್ಲಿ ಹೆಚ್ಚು ಉಪಯುಕ್ತ. ಊರಿಗೆ ಕೆಟ್ಟ ಹೆಸರು ಬರುವುದೆಂದು ಜ್ವರವನ್ನು ಮುಚ್ಚಿಟ್ಟರೆ ಈ ಅವಧಿ ಕೈತಪ್ಪುತ್ತದೆ.

ದಂಡ: 2024ರಲ್ಲಿ ರಾಜ್ಯ ಸರ್ಕಾರವು ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಉತ್ಪತ್ತಿಗೆ ಅವಕಾಶ ನೀಡಿದವರಿಗೆ ಗ್ರಾಮೀಣ ಪ್ರದೇಶದಲ್ಲಿ ಮನೆಗೆ ರೂ. 200, ವಾಣಿಜ್ಯ ಸ್ಥಳಕ್ಕೆ ರೂ. 500, ನಿರ್ಮಾಣ ಸ್ಥಳಕ್ಕೆ ರೂ. 1,000 ದಂಡ ನಿಗದಿಪಡಿಸಿತು. ಬಡವರ ಡ್ರಮ್ಮಿಗೆ ದಂಡ ಹಾಕಿ ದೊಡ್ಡ ಕಾಮಗಾರಿಯನ್ನು ಬಿಟ್ಟರೆ ಜನರ ಸಹಕಾರ ಉಳಿಯದು. ಡ್ರಮ್ಮಿಗೆ ಮುಚ್ಚಳವಿರಲಿ, ನೀರು ಬಿಡುವ ದಿನ ನಿಶ್ಚಿತವಾಗಿರಲಿ; ಸಂಗ್ರಹವೂ ತಾನಾಗಿ ತಗ್ಗುತ್ತದೆ.

ಮುಂದಿನ ಸಭೆಗೆ ಅಭ್ಯಾಸ: ಪ್ರತಿ ಸದಸ್ಯರೂ ತಮ್ಮ ವಾರ್ಡಿನ ಪರಿಶೀಲಿತ ಮನೆಗಳು, ಬೀಗ ಹಾಕಿದ ಮನೆಗಳು, ಲಾರ್ವಾ ಕಂಡ ಪಾತ್ರೆಗಳ ಬಗೆ ಈ ಮೂರು ವಿವರಗಳನ್ನು ತರತಕ್ಕದ್ದು.