ದೊಡ್ಡದು ಹೆಣ್ಣು, ಸಣ್ಣದು ಗಂಡು
ನಿಮ್ಮ ಎರಡು ಕ್ಲೌನ್ ಮೀನುಗಳಲ್ಲಿ ಸಣ್ಣದು ದೊಡ್ಡದರ ಮುಂದೆ ಮೈ ನಡುಗಿಸುತ್ತದೆ ಎಂದು ಬರೆದಿದ್ದೀರಿ. ಅದು ರೋಗವಲ್ಲ, ಶರಣಾಗತಿ. ಜೋಡಿ ಕೂಡುತ್ತಿರುವ ಒಳ್ಳೆಯ ಸೂಚನೆ. ಕ್ಲೌನ್ ಮೀನುಗಳಲ್ಲಿ ಹುಟ್ಟಿನಿಂದಲೇ ಹೆಣ್ಣಾದದ್ದು ಯಾವುದೂ ಇಲ್ಲ. ಮೇಲುಗೈ ಸಾಧಿಸಿದ್ದು ಹೆಣ್ಣಾಗುತ್ತದೆ, ಇನ್ನೊಂದು ಗಂಡಾಗಿ ಉಳಿಯುತ್ತದೆ. ಒಮ್ಮೆ ಹೆಣ್ಣಾದದ್ದು ಮತ್ತೆ ಗಂಡಾಗದು. ಮೂರನೆಯದನ್ನು ತರುವ ಯೋಚನೆಯನ್ನು ದಯವಿಟ್ಟು ಬಿಡಿ. ಜೋಡಿ ಅದನ್ನು ಕಚ್ಚಿ ಕೊಂದೇಬಿಡಬಹುದು. ಈಗಿರುವ ಎರಡನ್ನು ಬೇರ್ಪಡಿಸಬೇಕಾದ್ದು ರೆಕ್ಕೆ ಹರಿಯುವಷ್ಟು ಕಚ್ಚಾಟ ಕಂಡರೆ ಮಾತ್ರ.

ಈ ಮೀನುಗಳು ಆಸರೆ ಪಡೆಯುವ ಕಡಲ ಜೀವಿಯಾದ ಅನಿಮೋನ್ ತರುವ ವಿಷಯದಲ್ಲಿ ಅವಸರ ಬೇಡ. ನಿಮ್ಮ ತೊಟ್ಟಿಗೆ ಇನ್ನೂ ಎರಡೇ ತಿಂಗಳು. 6 ತಿಂಗಳಾದರೂ ಕಳೆಯಲಿ. ಅದಕ್ಕೆ ಪ್ರಖರ ಬೆಳಕು, ಏರುಪೇರಿಲ್ಲದ ಉಪ್ಪಿನಂಶ ಬೇಕು. ಜಾಗ ಬದಲಿಸುತ್ತಾ ಅಲೆಯುವ ಜೀವಿಯಾದ್ದರಿಂದ ಅದು ಸಿಲುಕದಂತೆ ಪಂಪಿನ ಬಾಯಿಗೆ ಸ್ಪಂಜು ಕಟ್ಟಿ. ಮನೆಯ ತೊಟ್ಟಿಗೆ ಬಬಲ್ ಟಿಪ್ ಎಂಬ ಬಗೆಯ ಅನಿಮೋನ್ ಸೂಕ್ತ. ನಿಮ್ಮಲ್ಲಿರುವ ಒಸೆಲ್ಲಾರಿಸ್ ಜಾತಿಯ ಕ್ಲೌನ್ ಮೀನಿಗೆ ಸಮುದ್ರದಲ್ಲಿ ಅದು ಸಹಜ ಆಸರೆಯಲ್ಲ. ಹಾಗಾಗಿ ನಿಮ್ಮ ಜೋಡಿ ಒಪ್ಪಲು ವಾರಗಳೇ ಹಿಡಿಯಬಹುದು. ಒಪ್ಪದಿದ್ದರೂ ಚಿಂತಿಸಬೇಡಿ, ಅನಿಮೋನ್ ಇಲ್ಲದೆಯೂ ಅವು ಮೊಟ್ಟೆಯಿಡುತ್ತವೆ.