ಬೆಂಕಿಯ ಮೂಲದ ಶೋಧನೆ

ಮೋಟಾರು ವಾಹನವು ಬೆಂಕಿಯನ್ನು ಒಡಲಲ್ಲಿಟ್ಟುಕೊಂಡು ಓಡುವ ಯಂತ್ರ. ಅದರ ಸಿಲಿಂಡರುಗಳಲ್ಲಿ ಇಂಧನವು ನಿಮಿಷಕ್ಕೆ ಸಾವಿರಾರು ಬಾರಿ ಹೊತ್ತಿ ಉರಿಯುತ್ತದೆ. ಆ ಬೆಂಕಿಯು ತನ್ನ ಎಲ್ಲೆಯೊಳಗೆ ಇರುವವರೆಗೆ ಮಾನವನ ಸೇವಕ. ಎಲ್ಲೆಯನ್ನು ಮೀರಿದರೆ ಕೆಲವೇ ನಿಮಿಷಗಳಲ್ಲಿ ವಾಹನವನ್ನೇ ನುಂಗಬಲ್ಲ ಶತ್ರು. ಇಂತಹ ಅನಾಹುತವಾದಾಗ ಬೆಂಕಿಯನ್ನು ಆರಿಸುವುದು ಮೊದಲನೆಯ ಕರ್ತವ್ಯ. ಅದು ಏಕೆ ಹೊತ್ತಿತೆಂಬುದನ್ನು ಕಂಡುಹಿಡಿಯುವುದು ಎರಡನೆಯ ಕರ್ತವ್ಯ. ಮೊದಲನೆಯದರಿಂದ ಒಂದು ವಾಹನದಲ್ಲಿದ್ದವರು ಉಳಿಯಬಹುದು. ಎರಡನೆಯದರಿಂದ ಅಂಥವೇ ಸಾವಿರಾರು ವಾಹನಗಳಲ್ಲಿ ಸಂಚರಿಸುವವರು ಉಳಿಯುತ್ತಾರೆ.

ಬೆಂಕಿ ಹುಟ್ಟಲು ಇಂಧನ, ಆಮ್ಲಜನಕ, ಉಷ್ಣ ಎಂಬ ಮೂರೂ ಕೂಡಬೇಕು. ರಾಯಚೂರು ನಗರದ ಕಡುಬೇಸಿಗೆಯಲ್ಲಿ ಕಾರೊಂದು ಹೊತ್ತಿಕೊಂಡರೆ ಜನರು ಬಿಸಿಲನ್ನೇ ದೂರುವುದುಂಟು. ಆದರೆ 45 ಡಿಗ್ರಿ ಸೆಲ್ಸಿಯಸ್ ಬಿಸಿಲೊಂದೇ ಪೆಟ್ರೋಲನ್ನು ಹೊತ್ತಿಸಲಾರದು. ಕಿಡಿಯ ನೆರವಿಲ್ಲದೆ ತಾನಾಗಿ ಹೊತ್ತಿಕೊಳ್ಳಲು ಪೆಟ್ರೋಲಿಗೆ ಸುಮಾರು 250 ಡಿಗ್ರಿಗೂ ಮೀರಿದ ಉಷ್ಣತೆ ಬೇಕು. ಅಂತಹ ಉಷ್ಣತೆಯು ಹೊಗೆಕೊಳವೆಯ ಭಾಗಗಳಲ್ಲಿ ಇರುತ್ತದೆ. ಕಾಲಕ್ರಮದಲ್ಲಿ ಒಣಗಿ ಬಿರಿದ ರಬ್ಬರು ಕೊಳವೆಯಿಂದ ಇಂಧನ ಸೋರಿದರೆ, ಇಲ್ಲವೇ ಸವೆದ ತಂತಿಯಿಂದ ಕಿಡಿ ಹಾರಿದರೆ, ಅಪಾಯವು ಸಿದ್ಧವಾದಂತೆಯೇ.

ಕೆಲವೊಮ್ಮೆ ಕಾರಣವು ವಾಹನದ ಹೊರಗೇ ಇರುತ್ತದೆ. ಮಾನ್ವಿ, ದೇವದುರ್ಗಗಳಂತಹ ಬೇಸಾಯದ ತಾಲ್ಲೂಕುಗಳಲ್ಲಿ ಸುಗ್ಗಿಯ ಕಾಲಕ್ಕೆ ಕಣದ ಕೆಲಸವು ರಸ್ತೆಗೆ ಇಳಿಯುವ ಅಭ್ಯಾಸವುಂಟು. ಒಕ್ಕಲೆಂದು ರಸ್ತೆಯಲ್ಲಿ ಹರಡಿದ ಹುಲ್ಲು, ಸೊಪ್ಪೆಗಳು ಕಾರಿನ ಅಡಿಭಾಗದ ತಿರುಗುವ ಅಂಗಗಳಿಗೆ ಸುತ್ತಿಕೊಂಡು, ಕಾದ ಕೊಳವೆಯನ್ನು ತಗುಲಿ ಹೊತ್ತಿಕೊಳ್ಳಬಲ್ಲವು. ಇಲ್ಲಿ ತಪ್ಪು ಕಾರನ್ನು ತಯಾರಿಸಿದವರದಲ್ಲ. ಆದ್ದರಿಂದ ತನಿಖೆಯು ನಿಷ್ಪಕ್ಷಪಾತವಾಗಿರಬೇಕು. ಅದು ತಪ್ಪಿತಸ್ಥರನ್ನು ತೋರಿಸುವಂತೆಯೇ ನಿರಪರಾಧಿಗಳನ್ನು ಕಾಪಾಡಲೂಬೇಕು.

ಬೂದಿಯಾದ ವಾಹನವು ಸಾಕ್ಷಿ ಹೇಳಬಲ್ಲುದೇ? ಬಲ್ಲವರು ಕೇಳಿದರೆ ಹೇಳುತ್ತದೆ. ಅಲ್ಯೂಮಿನಿಯಂ ಸುಮಾರು 660 ಡಿಗ್ರಿಯಲ್ಲಿಯೂ ತಾಮ್ರವು ಸುಮಾರು 1085 ಡಿಗ್ರಿಯಲ್ಲಿಯೂ ಕರಗುತ್ತವೆ. ಅಲ್ಯೂಮಿನಿಯಂ ಕರಗಿ ತಾಮ್ರದ ತಂತಿ ಉಳಿದಿದ್ದರೆ ಆ ಸ್ಥಳದ ಉಷ್ಣತೆಯನ್ನು ಊಹಿಸಬಹುದು. ತಂತಿಯ ಒಂದೇ ಬಿಂದುವಿನಲ್ಲಿ ತಾಮ್ರವು ಮಣಿಯಂತೆ ಗಟ್ಟಿಯಾಗಿದ್ದರೆ ಅಲ್ಲಿ ವಿದ್ಯುತ್ ಕಿಡಿ ಹಾರಿತ್ತೆಂಬ ಸಂಶಯಕ್ಕೆ ಆಸ್ಪದವುಂಟು. ಆದರೆ ಆ ಕಿಡಿಯು ಬೆಂಕಿಗೆ ಕಾರಣವೋ, ಬೆಂಕಿಯ ಪರಿಣಾಮವೋ ಎಂಬುದನ್ನು ತನಿಖೆಗಾರನು ಉಳಿದ ಗುರುತುಗಳೊಡನೆ ಹೋಲಿಸಿಯೇ ನಿರ್ಧರಿಸಬೇಕು. ಸುಟ್ಟ ವಾಹನವನ್ನು ಅವಸರದಿಂದ ಗುಜರಿಗೆ ಸಾಗಿಸಿದರೆ ಈ ಸಾಕ್ಷ್ಯವೆಲ್ಲವೂ ಅದರೊಡನೆಯೇ ನಾಶವಾಗುತ್ತದೆ.

ಒಂದು ಊರಿನ ತನಿಖೆಯಿಂದ ತಿಳಿಯದ ಸಂಗತಿಯು ಅನೇಕ ದೂರುಗಳನ್ನು ಒಟ್ಟುಗೂಡಿಸಿದಾಗ ತಿಳಿಯುತ್ತದೆ. ಅಮೆರಿಕದಲ್ಲಿ ಹ್ಯುಂಡೈ ಮತ್ತು ಕಿಯಾ ಕಾರುಗಳ ಕೆಲವು ಮಾದರಿಗಳಲ್ಲಿ ಎಂಜಿನ್ ತಯಾರಿಕೆಯ ವೇಳೆ ಉಳಿದ ಲೋಹದ ಚೂರುಗಳು ಎಣ್ಣೆಯ ಹರಿವನ್ನು ತಡೆದವು. ಎಣ್ಣೆ ದೊರೆಯದ ಬೇರಿಂಗುಗಳು ಸವೆದವು. ಹಾಗೆ ಸವೆದಾಗ ದಂಡವು ಮುರಿದು ಎಂಜಿನ್ನಿನ ಗೋಡೆಯನ್ನು ಭೇದಿಸಬಹುದಾಗಿತ್ತು. ಸೋರಿದ ಎಣ್ಣೆ ಕಾದ ಭಾಗಗಳ ಮೇಲೆ ಬಿದ್ದು ಹೊತ್ತಬಹುದಾಗಿತ್ತು. 2015ರಿಂದ ಕಾರುಗಳನ್ನು ಹಿಂದಕ್ಕೆ ಕರೆಸುವ ಕಾರ್ಯ ನಡೆಯಿತು. ಗ್ರಾಹಕ ಸಂಸ್ಥೆಯೊಂದು 2018ರಲ್ಲಿ ಸಲ್ಲಿಸಿದ ಮನವಿಯ ಮೇರೆಗೆ ಅಲ್ಲಿನ ಹೆದ್ದಾರಿ ಸುರಕ್ಷತಾ ಆಡಳಿತವು 2019ರಲ್ಲಿ ಅಪಘಾತವಿಲ್ಲದೆ ಹೊತ್ತಿದ ಬೆಂಕಿಗಳ ತನಿಖೆಯನ್ನು ಆರಂಭಿಸಿತು. ಎಂಜಿನ್ ದೋಷದ ಕಾರುಗಳನ್ನು ಸಕಾಲದಲ್ಲಿ ಹಿಂದಕ್ಕೆ ಕರೆಸಲಿಲ್ಲವೆಂಬ ವಿಷಯದಲ್ಲಿ 2020ರಲ್ಲಿ ಎರಡೂ ಕಂಪನಿಗಳ ಮೇಲೆ ಒಟ್ಟು 21 ಕೋಟಿ ಡಾಲರುಗಳ ದಂಡದ ಹೊಣೆಯನ್ನು ಹೊರಿಸಲಾಯಿತು.

ಭಾರತದಲ್ಲಿ 2010ರಲ್ಲಿ ಕೆಲವು ನ್ಯಾನೋ ಕಾರುಗಳು ಹೊತ್ತಿಕೊಂಡಾಗ, ವಾಹನಗಳನ್ನು ಹಿಂದಕ್ಕೆ ಕರೆಸಲು ಆಜ್ಞಾಪಿಸುವ ಕಾನೂನು ಇರಲಿಲ್ಲ. ತಯಾರಕರು ತಾವಾಗಿಯೇ ಹೆಚ್ಚಿನ ರಕ್ಷಣೆಯ ಏರ್ಪಾಡನ್ನು ಉಚಿತವಾಗಿ ಒದಗಿಸಿದರು. 2012ರಲ್ಲಿ ವಾಹನ ತಯಾರಕರ ಸಂಘವು ಸ್ವಇಚ್ಛೆಯ ನಿಯಮಾವಳಿಯನ್ನು ರೂಪಿಸಿತು. 2019ರ ಮೋಟಾರು ವಾಹನಗಳ ತಿದ್ದುಪಡಿ ಕಾಯಿದೆಯು 110ಎ ಪ್ರಕರಣದ ಮೂಲಕ ಆ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ನೀಡಿತು. ಅದರ ನಿಯಮಗಳು 2021ರ ಏಪ್ರಿಲ್ 1ರಂದು ಜಾರಿಗೆ ಬಂದವು. ದೋಷಕ್ಕೆ ಸಂಬಂಧಿಸಿದ ದೂರುಗಳು ಗೊತ್ತುಪಡಿಸಿದ ಪ್ರಮಾಣವನ್ನು ಮುಟ್ಟಿದರೆ ಪರೀಕ್ಷಾ ಸಂಸ್ಥೆಗಳಿಂದ ತನಿಖೆ ನಡೆಸಿ, ವಾಹನಗಳನ್ನು ಹಿಂದಕ್ಕೆ ಕರೆಸುವಂತೆ ಆಜ್ಞಾಪಿಸಬಹುದು.

ಈ ವ್ಯವಸ್ಥೆಯ ಬೆಲೆಯನ್ನು ಕರ್ನಾಟಕವು ನೋವಿನಿಂದ ಅರಿತಿದೆ. 2020ರ ಆಗಸ್ಟ್ 12ರಂದು ವಿಜಯಪುರದಿಂದ ಬೆಂಗಳೂರಿಗೆ ಹೊರಟಿದ್ದ ಖಾಸಗಿ ಬಸ್ಸು ಹಿರಿಯೂರಿನ ಬಳಿ ಹೊತ್ತಿ ಉರಿದು, ಮಕ್ಕಳೂ ಸೇರಿ ಐವರು ಪ್ರಾಣ ಕಳೆದುಕೊಂಡರು. ಎಂಜಿನ್ನಿನ ಕಡೆಯಿಂದ ಬೆಂಕಿ ಹಬ್ಬಿತೆಂದು ಪ್ರಾಥಮಿಕ ವರದಿಗಳು ತಿಳಿಸಿದವು. ಎಂಜಿನ್ ಕೋಣೆಯ ಬೆಂಕಿಯನ್ನು ಗುರುತಿಸಿ ಆರಿಸುವ ಸಾಧನಗಳಿಗೆ ಆ ವೇಳೆಗೆ ಮಾನದಂಡವಿತ್ತು. 2022ರ ಜನವರಿಯಲ್ಲಿ ಕೇಂದ್ರ ಸರ್ಕಾರವು ದೂರಪ್ರಯಾಣದ ಬಸ್ಸು ಹಾಗೂ ಶಾಲಾ ಬಸ್ಸುಗಳ ಪ್ರಯಾಣಿಕರ ಭಾಗಕ್ಕೂ ಬೆಂಕಿ ಎಚ್ಚರಿಕೆ ಮತ್ತು ರಕ್ಷಣೆಯ ಏರ್ಪಾಡನ್ನು ವಿಸ್ತರಿಸಿತು.

ಕಾನೂನು ಎಷ್ಟೇ ಒಳ್ಳೆಯದಿದ್ದರೂ ದೂರು ಬಾರದಿದ್ದರೆ ಅದು ಕುರುಡು. ದೇವದುರ್ಗದ ಹಾದಿಯಲ್ಲಿ ಕಾರು ಸುಟ್ಟ ಒಬ್ಬನು ತನ್ನ ವಿಧಿಯನ್ನು ಹಳಿದು ಸುಮ್ಮನಾದರೆ, ಅದೇ ದೋಷವುಳ್ಳ ಕಾರನ್ನು ಮಾನ್ವಿಯಲ್ಲಿ ಇನ್ನೊಬ್ಬನು ಅರಿಯದೆ ಓಡಿಸುತ್ತಿರಬಹುದು. ಹನಿ ಹನಿ ಕೂಡಿದರೆ ಹಳ್ಳ. ಹೊಗೆ ಕಂಡೊಡನೆ ವಾಹನವನ್ನು ನಿಲ್ಲಿಸಿ, ಎಲ್ಲರನ್ನೂ ಇಳಿಸಿ ದೂರ ಸರಿಯುವುದು, ಎಂಜಿನ್ನಿನ ಮುಚ್ಚಳವನ್ನು ತೆರೆಯದಿರುವುದು, 112ಕ್ಕೆ ಕರೆಮಾಡುವುದು, ಬಳಿಕ ನಡೆದುದನ್ನು ನಡೆದಂತೆಯೇ ಬರೆದು ದಾಖಲಿಸುವುದು, ಇವು ಪ್ರತಿಯೊಬ್ಬ ನಾಗರಿಕನ ಕರ್ತವ್ಯಗಳು. ತನಗಾದ ನಷ್ಟವನ್ನು ಇತರರ ರಕ್ಷಣೆಯಾಗಿ ಮಾರ್ಪಡಿಸುವ ಶಕ್ತಿ ಸತ್ಯವಾದ ಒಂದು ದೂರಿಗೆ ಉಂಟು.

ಅಭ್ಯಾಸ

1. ಬಿಸಿಲೊಂದೇ ವಾಹನದ ಬೆಂಕಿಗೆ ಕಾರಣವಾಗಲಾರದು, ಏಕೆ?
2. ಸುಟ್ಟ ತಂತಿಯಿಂದ ತನಿಖೆಗಾರನು ಏನನ್ನು ತಿಳಿಯಬಲ್ಲನು?
3. 2010 ಮತ್ತು 2021ರ ನಡುವೆ ಭಾರತದಲ್ಲಿ ಉಂಟಾದ ಬದಲಾವಣೆಗಳನ್ನು ವಿವರಿಸಿರಿ.
4. ‘ಹನಿ ಹನಿ ಕೂಡಿದರೆ ಹಳ್ಳ’ ಎಂಬ ಗಾದೆಯು ಈ ಪಾಠಕ್ಕೆ ಹೇಗೆ ಅನ್ವಯಿಸುತ್ತದೆ?